ಹುಳ ನೆಟ್ಟಗೆ ಕೂರಬೇಕು

ಏಪ್ರಿಲ್ ಬಂತೆಂದರೆ ನಮ್ಮ ಯಾದಗಿರಿ ಕಡೆ ಎರೆ ಹೊಲ ಬಾಯಿ ಬಿಡುತ್ತದೆ. ಬಿರುಕಿನೊಳಗೆ ಅಂಗೈ ಇಳಿಸಬಹುದು, ಅಷ್ಟು ಅಗಲ. ಅಪ್ಪ ಮಳೆಗಾಲದಲ್ಲಿ ಬಚ್ಚಲ ನೀರು ಹರಿಯುವ ಜಾಗ ಅಗೆದು, ಎರೆಹುಳವನ್ನು ತೆಂಗಿನ ಚಿಪ್ಪಿನಲ್ಲಿ ತುಂಬಿಕೊಂಡು ಭೀಮಾ ಹೊಳೆಗೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಅದೇ ಜಾಗ ಕಲ್ಲಿನ ಹಾಗೆ ಆಗುತ್ತಿತ್ತು. ಹುಳ ಎಲ್ಲೂ ಸಿಗುತ್ತಿರಲಿಲ್ಲ. ಗಾಳ ಗೋಡೆಗೆ ಏರುತ್ತಿತ್ತು. ಮಿರಗದ ಮಳೆ ಬೀಳುವ ತನಕ ಅಪ್ಪನ ಮುಖದಲ್ಲಿ ಒಂದು ಥರದ ಬೇಸರ ಇರುತ್ತಿತ್ತು.

ಈಗ ನನ್ನ ಗಾಳ ಗೋಡೆಗೆ ಏರುವುದಿಲ್ಲ. ನನ್ನ ಹತ್ತಿರ ಪ್ಲಾಸ್ಟಿಕ್ ಹುಳ ಇದೆ.

ನಾನು ಯಾದಗಿರಿಯಲ್ಲಿ ಬ್ಲೌಸ್ ಹೊಲಿಯುವವಳು. ಅಂಗಡಿಗೆ ಭಾನುವಾರ ರಜೆ. ಬೆಳಿಗ್ಗೆ ಐದಕ್ಕೆಲ್ಲ ಸ್ಕೂಟಿ ಹತ್ತಿ ಹತ್ತಿಕುಣಿ ಡ್ಯಾಮಿನ ಕಡೆ ಹೊರಡುತ್ತೇನೆ. ತಮ್ಮ ಅಮೆರಿಕದ ಡಲ್ಲಾಸಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೂ ಅಪ್ಪನ ಹುಚ್ಚೇ ಬಂದಿದೆ. ಅಲ್ಲಿ ಬಾಸ್ ಮೀನು ಹಿಡಿಯುತ್ತಾನೆ, ರಜೆಗೆ ಬರುವಾಗ ನನಗೆ ಹುಳದ ಪಾಕೀಟು ತರುತ್ತಾನೆ. ಅವನು ಹೇಳಿಕೊಟ್ಟಿದ್ದು ಅರ್ಧ. ಉಳಿದರ್ಧ ನನಗೆ ಹೊಲಿಗೆ ಯಂತ್ರದ ಮುಂದೆ ಕೂತು ಹೊಳೆದಿದ್ದು. ಹುಳ ಆರಿಸುವುದು ಹ್ಯಾಗೆ, ಗಾಳಕ್ಕೆ ಏರಿಸುವುದು ಹ್ಯಾಗೆ, ಅದನ್ನೇ ಇವತ್ತು ಬರೆಯುತ್ತಿದ್ದೇನೆ.

ಮೊದಲು ಬಾಸ್ ವಿಷಯ. ದೊಡ್ಡ ಬಾಯಿಯ ಬಾಸ್ ಅಮೆರಿಕದ ಮೀನು. ಹೆಸರಿಗೆ ಬಾಸ್ ಅಷ್ಟೇ, ಕುಟುಂಬದ ಲೆಕ್ಕದಲ್ಲಿ ಅದು ಸನ್‌ಫಿಶ್ ಜಾತಿಗೆ ಸೇರಿದ್ದು. ನಮ್ಮ ಕೆರೆಗಳಲ್ಲಿ ಅದಿಲ್ಲ, ಇರಬೇಕು ಅಂತ ಆಸೆಯೂ ಬೇಡ. ಅದರ ಜಾಗದಲ್ಲಿ ನಮಗೆ ಮರಲ್ ಇದೆ. ಕೆಲವರು ಕೊರಮೀನು ಅನ್ನುತ್ತಾರೆ. ಎರಡಕ್ಕೂ ಒಂದು ಗುಣ ಸಮ. ಜೊಂಡಿನ ಬುಡದಲ್ಲೋ ಮುಳುಗಿದ ಜಾಲಿ ಗಿಡದ ನೆರಳಲ್ಲೋ ಅಲುಗಾಡದೆ ಕಾಯುತ್ತವೆ, ಹತ್ತಿರ ಬಂದಿದ್ದನ್ನು ಹೊಡೆಯುತ್ತವೆ. ಹೊಡೆಯುವ ರೀತಿ ಮಾತ್ರ ಬೇರೆ. ಬಾಸ್ ಬಾಯಿ ಅಗಲಿಸಿ ನೀರಿನ ಸಮೇತ ಹುಳವನ್ನು ಒಳಗೆ ಎಳೆದುಕೊಳ್ಳುತ್ತದೆ. ಮರಲ್‌ಗೆ ಹಲ್ಲಿದೆ, ಅದು ಕಚ್ಚುತ್ತದೆ. ಹಾಗಾಗಿ ಬಾಸ್‌ಗೆ ಅಂತ ಮಾಡಿದ ಹುಳ ಇಲ್ಲಿ ಬೇಗ ಹರಿಯುತ್ತದೆ. ನಮ್ಮ ಕೃಷ್ಣಾ–ಭೀಮಾ ನೀರಲ್ಲಿರುವ ದೊಡ್ಡ ಮರಲ್ ಥರದ್ದೇ ಒಂದು ಮೀನು 2000ರಲ್ಲಿ ಅಮೆರಿಕದ ಫ್ಲಾರಿಡಾದ ಕಾಲುವೆಗಳಲ್ಲಿ ಕಾಣಿಸಿಕೊಂಡಿತು. ಈಗ ಅಲ್ಲೇ ನೆಲೆಸಿದೆ. ಬಾಸ್ ಹಿಡಿಯುವ ಅಲ್ಲಿನ ಜನ ಅದೇ ರಾಡು, ಅದೇ ಗಾಳ ತಗೊಂಡು ಅದನ್ನೂ ಹಿಡಿಯುತ್ತಾರೆ. ತಮ್ಮ ಈ ಸುದ್ದಿ ಹೇಳಿದಾಗ ನನಗೆ ಧೈರ್ಯ ಬಂತು. ಅಲ್ಲಿ ಆಗುವುದಾದರೆ ಹತ್ತಿಕುಣಿಯಲ್ಲಿ ಯಾಕೆ ಆಗಬಾರದು?

ಈ ಹುಳದ ಹುಟ್ಟೂ ಒಂದು ಮನೆಯಲ್ಲೇ. 1949ರಲ್ಲಿ ಒಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಅನ್ನುವವರು, ಅವರ ಹೆಂಡತಿ ಕಾಸ್ಮಾ ಜೊತೆ ಸೇರಿ, ನಿಜವಾದ ಹುಳದಿಂದ ಅಚ್ಚು ತೆಗೆದು ಮೆತ್ತನೆಯ ಪ್ಲಾಸ್ಟಿಕ್ ಹುಳ ಮಾಡಿದರು. ಟಪಾಲಿನಲ್ಲಿ ಮಾರಿದರು. ಆಮೇಲೆ ಅವರ ಕಂಪನಿ ಟೆಕ್ಸಾಸಿನ ಟೈಲರ್ ಊರಿಗೆ ಹೋಯಿತು. ಗಂಡ ಹೆಂಡತಿ ಮನೆಯಲ್ಲಿ ಕೂತು ಶುರು ಮಾಡಿದ ಕಸುಬು ಅಂದರೆ ನನಗೆ ಅಕ್ಕರೆ. ನನ್ನದೂ ಮನೆಯ ಪಡಸಾಲೆಯಲ್ಲಿ ಒಂದೇ ಮಿಷನ್ನಿನಿಂದ ಶುರುವಾಗಿದ್ದು.

ಈಗ ಆರಿಸುವ ಮಾತು.

ಅಂಗಡಿಗೆ ಬಂದವರು ಬಟ್ಟೆಯ ಬಣ್ಣ ನೋಡುತ್ತಾರೆ. ಹೊಲಿಯುವವಳು ಮೊದಲು ಬಟ್ಟೆಯನ್ನು ಬೆರಳ ನಡುವೆ ಹಿಡಿದು ನೋಡುತ್ತಾಳೆ. ಹುಳವನ್ನೂ ನಾನು ಹಾಗೇ ನೋಡುವುದು. ತಲೆ ಕಡೆ ಹಿಡಿದು ತೂಗಾಡಿಸಿ. ಬಾಲ ತಾನಾಗಿ ನಡುಗಬೇಕು. ಕಡ್ಡಿಯ ಹಾಗೆ ನಿಂತರೆ ಅದು ಗಟ್ಟಿ ಪ್ಲಾಸ್ಟಿಕ್, ನೀರಲ್ಲೂ ಹಾಗೇ ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ಎಳೆಯಬೇಕು. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಸರಿ. ಹುಳದ ಮೈಯಲ್ಲಿ ಸಣ್ಣ ಬಿಳಿ ಕಾಳು ಕಂಡರೆ ಅದು ಉಪ್ಪು. ಉಪ್ಪು ಬೆರೆಸಿದ ಹುಳ ಭಾರ, ಬೇಗ ಮುಳುಗುತ್ತದೆ, ಮೆತ್ತಗೂ ಇರುತ್ತದೆ. ಬಾಸ್ ಅದನ್ನು ಬಾಯಲ್ಲಿ ಜಾಸ್ತಿ ಹೊತ್ತು ಇಟ್ಟುಕೊಳ್ಳುತ್ತದೆ ಅನ್ನುತ್ತಾರೆ ಹಿಡಿಯುವವರು. ಆದರೆ ಉಪ್ಪು ಹೆಚ್ಚಾದಷ್ಟೂ ಹುಳ ಬೇಗ ಹರಿಯುತ್ತದೆ. ಮರಲ್ ಇರುವ ಕಡೆ ನಾನು ಉಪ್ಪು ಕಮ್ಮಿ ಇರುವುದನ್ನೇ ತಗೊಳ್ಳುತ್ತೇನೆ.

ಬಾಲದಲ್ಲಿ ಬಹಳ ಥರ ಇವೆ. ನನಗೆ ಬೇಕಾಗಿದ್ದು ಎರಡೇ. ಒಂದು, ರಿಬ್ಬನ್ ಬಾಲದ್ದು. ಏಳು ಇಂಚು ಉದ್ದ, ಬಾಲ ಸೀರೆ ಸೆರಗಿನ ಹಾಗೆ ತೆಳ್ಳಗೆ ಸುತ್ತಿಕೊಂಡಿರುತ್ತದೆ. ಎಳೆದರೆ ಅಲೆ ಅಲೆಯಾಗಿ ಬರುತ್ತದೆ. ನೀರು ಕದಡಿದ್ದಾಗ, ಬಿಸಿ ಇದ್ದಾಗ, ಮೀನು ಚುರುಕಾಗಿದ್ದಾಗ ಇದು. ಇನ್ನೊಂದು, ಬಾಲವೇ ಇಲ್ಲದ ಐದು ಇಂಚಿನ ದಪ್ಪ ಕಡ್ಡಿ ಹುಳ. ಗ್ಯಾರಿ ಯಮಮೊಟೊ ಅನ್ನುವವರು ಮಾಡಿದ ಸೆಂಕೋ ಅನ್ನುವ ಹುಳ ಈ ಥರದ್ದರಲ್ಲಿ ಹೆಸರಾಗಿದ್ದು. ಕೈಯಲ್ಲಿ ಹಿಡಿದರೆ ಇದರಲ್ಲಿ ಏನಿದೆ ಅನಿಸುತ್ತದೆ. ನೀರಿಗೆ ಬಿಟ್ಟು ನೋಡಿದರೆ ಗೊತ್ತಾಗುತ್ತದೆ, ಎರಡೂ ತುದಿ ಸಣ್ಣಗೆ ನಡುಗುತ್ತಾ ಅಡ್ಡಡ್ಡ ಇಳಿಯುತ್ತದೆ. ಚಳಿಗಾಲದಲ್ಲಿ ನೀರು ತಿಳಿಯಾಗಿ, ಮೀನು ಸೋಮಾರಿಯಾಗಿರುವಾಗ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ರಿಬ್ಬನ್ ಬಾಲಕ್ಕೆ ಇನ್ನೊಂದು ಕಷ್ಟ ಇದೆ. ಜಿಲೇಬಿ ಮೀನು ಜಾಸ್ತಿ ಇರುವ ಕಡೆ ಅವು ಬಾಲವನ್ನೇ ಕಿತ್ತು ಕಿತ್ತು ತಿನ್ನುತ್ತವೆ. ಅಲ್ಲಿ ಕಡ್ಡಿ ಹುಳವೇ ಸರಿ.

ಬಣ್ಣದ ವಿಷಯದಲ್ಲಿ ನನಗೂ ತಮ್ಮನಿಗೂ ಒಮ್ಮತ ಇಲ್ಲ. ಅವನ ಡಬ್ಬಿಯಲ್ಲಿ ಇಪ್ಪತ್ತು ಬಣ್ಣ. ನನ್ನ ಹತ್ತಿರ ಮೂರು. ತಿಳಿ ನೀರಿಗೆ ಹಸಿರು ಕುಂಬಳ ಬಣ್ಣ, ಅವರು ಗ್ರೀನ್ ಪಂಪ್‌ಕಿನ್ ಅನ್ನುತ್ತಾರೆ. ಕದಡಿದ ನೀರಿಗೆ ಕಪ್ಪು, ಮೈಯಲ್ಲಿ ನೀಲಿ ಮಿಂಚು ಇರುವುದು. ಇವೆರಡರ ನಡುವಿನ ದಿನಕ್ಕೆ ಜೂನ್ ಬಗ್, ಕಡು ನೇರಳೆ. ಮಣ್ಣಿನ ನೀರಲ್ಲಿ ಕಪ್ಪು ಹುಳ ಯಾಕೆ ಅಂತ ಮೊದಲು ನನಗೂ ಅರ್ಥ ಆಗಿರಲಿಲ್ಲ. ಮೀನು ಕೆಳಗಿನಿಂದ ಮೇಲೆ ನೋಡುತ್ತದೆ, ಮೇಲೆ ಬೆಳಕು. ಬೆಳಕಿಗೆ ಅಡ್ಡ ಹಿಡಿದ ಕಪ್ಪು ಬಟ್ಟೆ ಹ್ಯಾಗೆ ಎದ್ದು ಕಾಣುತ್ತದೋ ಹಾಗೆ. ನಮ್ಮ ಕಡೆ ಮಳೆ ಬಿದ್ದ ಮೇಲೆ ಎರೆ ಮಣ್ಣು ಹರಿದು ಬಂದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ವಾರ ನಾನು ಕಪ್ಪು ಬಿಟ್ಟು ಬೇರೆ ಹುಳ ಮುಟ್ಟುವುದಿಲ್ಲ.

ಇನ್ನು ಗಾಳ. ತೆಳು ವಾಯಲ್ ಬಟ್ಟೆಗೆ ದಪ್ಪ ಸೂಜಿ ಹಾಕಿದರೆ ತೂತು ಕಾಣುತ್ತದೆ. ಜೀನ್ಸಿಗೆ ಸಣ್ಣ ಸೂಜಿ ಹಾಕಿದರೆ ಸೂಜಿ ಮುರಿಯುತ್ತದೆ. ಹುಳಕ್ಕೂ ಅಷ್ಟೇ. ಆರು ಇಂಚಿನ ತನಕ 3/0 ಅಳತೆಯ ಗಾಳ, ಏಳೆಂಟು ಇಂಚಿಗೆ 4/0, ಹತ್ತು ಇಂಚಿನದಕ್ಕೆ 5/0. ಕತ್ತಿನಲ್ಲಿ ಮೆಟ್ಟಿಲಿನ ಹಾಗೆ ಮಡಿಕೆ ಇರುವ ಆಫ್‌ಸೆಟ್ ಗಾಳವನ್ನೇ ತಗೊಳ್ಳಿ. ಹುಳದ ತಲೆ ಆ ಮೆಟ್ಟಿಲ ಮೇಲೆ ಕೂತು ಜಾರುವುದಿಲ್ಲ. ಕಡ್ಡಿ ಹುಳದಂಥ ದಪ್ಪ ಮೈಗೆ ಅಗಲ ಬಾಗಿನ ಗಾಳ ಬೇಕು. ಯಾಕೆ ಅಂದರೆ ಮೀನು ಕಚ್ಚಿದಾಗ ಹುಳ ಮುದುಡಿ ಪಕ್ಕಕ್ಕೆ ಸರಿಯಬೇಕು, ಮೊನೆಗೆ ಹೊರಗೆ ಬರಲು ಜಾಗ ಇರಬೇಕು. ಬಾಗು ಚಿಕ್ಕದಾದರೆ ಪ್ಲಾಸ್ಟಿಕ್ಕೇ ಬಾಗಿನಲ್ಲಿ ತುಂಬಿಕೊಳ್ಳುತ್ತದೆ. ಮೀನು ಹುಳ ಉಗುಳಿ ಹೋಗುತ್ತದೆ, ನಿಮ್ಮ ಕೈಗೆ ಖಾಲಿ ದಾರ.

ಒಂದು ಸಲ ಆನ್‌ಲೈನಿನಲ್ಲಿ 50 ಗಾಳದ ಪಾಕೀಟು ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದೆ. ಚಿತ್ರದಲ್ಲಿ ಚೆನ್ನಾಗೇ ಇತ್ತು. ಜೊಂಡಿನ ಅಂಚಿನಲ್ಲಿ ಒಂದು ಮರಲ್ ಹಿಡಿಯಿತು, ನನ್ನ ಮೊಳಕೈ ತನಕ ಉದ್ದ ಇದ್ದಿರಬೇಕು, ಒಂದೇ ಸಲ ಹೊರಳಿತು. ದಾರ ಸಡಿಲಾಯಿತು. ಎಳೆದು ನೋಡಿದರೆ ಗಾಳ ನೆಟ್ಟಗಾಗಿ ಹೆಚ್ಚುಕಮ್ಮಿ ದಬ್ಬಳವಾಗಿತ್ತು. ಆ ಪಾಕೀಟು ಅವತ್ತೇ ತೆಗೆದಿಟ್ಟೆ. ಅಂದಿನಿಂದ ಹೊಸ ಗಾಳ ಬಂದರೆ ಮೊದಲು ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಟ್ಟು ಸರಿಸುತ್ತೇನೆ. ಕಚ್ಚಿ ನಿಂತರೆ ಹರಿತ. ಜಾರಿದರೆ ಬೇಡ. ಮರಲ್ ಬಾಯಿ ಎಲುಬಿನದ್ದು, ಮೊಂಡು ಮೊನೆ ಒಳಗೆ ಇಳಿಯುವುದೇ ಇಲ್ಲ.

ಈಗ ಗಾಳಕ್ಕೆ ಹುಳ ಏರಿಸುವುದು. ಇದನ್ನು ಟೆಕ್ಸಾಸ್ ರಿಗ್ ಅನ್ನುತ್ತಾರೆ. ಮೊನೆ ಹುಳದ ಮೈಯೊಳಗೇ ಅಡಗಿರುತ್ತದೆ, ಹಾಗಾಗಿ ಜೊಂಡು, ಪಾಚಿ, ಜಾಲಿ ಕೊಂಬೆ ಎಲ್ಲದರ ನಡುವೆ ನುಸುಳಿ ಬರುತ್ತದೆ. ಬೇಲಿಯಂಥ ನಮ್ಮ ಕೆರೆ ದಂಡೆಗೆ ಇದು ಹೇಳಿ ಮಾಡಿಸಿದ್ದು.

ಮೊದಲ ಆರು ತಿಂಗಳು ನನ್ನ ಹುಳ ಸೊಟ್ಟಗೆ ಕೂರುತ್ತಿತ್ತು. ವಿಡಿಯೋ ಕಾಲಿನಲ್ಲಿ ತೋರಿಸಿದರೆ ತಮ್ಮ, "ಅಕ್ಕಾ, ನಡಾ ಬಾಗ್ಯದ ನೋಡು, ಬಿಚ್ಚಿ ಮತ್ತ ಹಾಕು" ಅನ್ನುತ್ತಿದ್ದ. ಬಿಚ್ಚಿ ಹಾಕಿದರೆ ಮತ್ತೆ ಸೊಟ್ಟ, ಜೊತೆಗೆ ಹುಳದಲ್ಲಿ ಇನ್ನೊಂದು ತೂತು. ಸೊಟ್ಟ ಹುಳ ನೀರಲ್ಲಿ ಗಿರಗಿರ ತಿರುಗುತ್ತದೆ. ಮೀನು ಹತ್ತಿರ ಬಂದು ವಾಪಸ್ ಹೋಗುತ್ತದೆ. ದಾರಕ್ಕೂ ತಿರುಚು ಬಿದ್ದು, ಬಾಬಿನ್ ದಾರ ಸಿಕ್ಕಾದ ಹಾಗೆ ರೀಲಿನಲ್ಲಿ ಗುಂಜಾಗುತ್ತದೆ.

ಒಂದು ರಾತ್ರಿ ಬ್ಲೌಸ್ ಕತ್ತರಿಸಿ ಮುಗಿಸಿ, ಮಿಷನ್ನಿನ ದೀಪದ ಕೆಳಗೆ ಗಾಳ, ಹುಳ ಇಟ್ಟುಕೊಂಡು ಕೂತೆ. ಬ್ಲೌಸಿಗೆ ನಾನು ಕಣ್ಣಳತೆಯಲ್ಲಿ ಕತ್ತರಿ ಇಡುವುದಿಲ್ಲ. ಅಳೆದು, ಚಾಕಿನಲ್ಲಿ ಗುರುತು ಹಾಕಿ, ಆಮೇಲೆ. ಹುಳಕ್ಕೆ ಮಾತ್ರ ಯಾಕೆ ಸುಮ್ನೆ ಅಂದಾಜಿನಲ್ಲಿ ಚುಚ್ಚುತ್ತಿದ್ದೇನೆ ಅನಿಸಿತು. ಅವತ್ತಿನಿಂದ ಹೀಗೆ ಮಾಡುತ್ತೇನೆ.

ಮೊನೆಯನ್ನು ಹುಳದ ಮೂಗಿನ ನಟ್ಟ ನಡುವೆ ಇಟ್ಟು ಒಳಗೆ ಇಳಿಸುತ್ತೇನೆ, ಸುಮಾರು ಕಾಲು ಇಂಚು, ಬೆರಳ ಉಗುರಿನ ಅರ್ಧದಷ್ಟು. ಅಲ್ಲಿ ಪಕ್ಕಕ್ಕೆ ತಿರುಗಿಸಿ ಮೊನೆ ಹೊರಗೆ ತರುತ್ತೇನೆ. ಹುಳವನ್ನು ಗಾಳದ ಮೈ ಮೇಲೆ ಜಾರಿಸಿ, ದಾರ ಕಟ್ಟುವ ಕಣ್ಣಿನ ತನಕ ತರುತ್ತೇನೆ. ಮೆಟ್ಟಿಲು ಮೂಗಿನೊಳಗೆ ಅಡಗಬೇಕು. ಆಮೇಲೆ ಗಾಳವನ್ನು ಅರ್ಧ ಸುತ್ತು ತಿರುಗಿಸಬೇಕು, ಮೊನೆ ಹುಳದ ಕಡೆ ನೋಡಬೇಕು. ಇಲ್ಲಿ ನಿಲ್ಲಬೇಕು. ಚುಚ್ಚಬಾರದು. ಹುಳವನ್ನು ಎಳೆಯದೆ, ದಬ್ಬದೆ, ತನ್ನ ಪಾಡಿಗೆ ತೂಗಲು ಬಿಟ್ಟು, ಗಾಳವನ್ನು ಅದರ ಪಕ್ಕಕ್ಕೆ ಒರಗಿಸಿ ನೋಡಬೇಕು. ಬಾಗಿನ ಕೆಳತುದಿ ಹುಳದ ಮೈಯಲ್ಲಿ ಎಲ್ಲಿಗೆ ಬರುತ್ತದೋ ಅಲ್ಲಿ ಉಗುರಿನಿಂದ ಒಂದು ಗೆರೆ. ಹುಳದ ಮೈಯಲ್ಲಿ ಅಚ್ಚಿನ ಗುರುತು ಒಂದು ಸಣ್ಣ ಗೆರೆಯ ಹಾಗೆ ಉದ್ದಕ್ಕೆ ಓಡಿರುತ್ತದೆ, ನೋಡಿದ್ದೀರಾ? ಅದು ನಮಗೆ ಬಟ್ಟೆಯ ಎಳೆ ಇದ್ದ ಹಾಗೆ. ಮೂಗಿನಲ್ಲಿ ಯಾವ ಗೆರೆ ಹಿಡಿದು ಹೊರಗೆ ಬಂದಿರೋ ಅದೇ ಗೆರೆ ಹಿಡಿದು ಕೆಳಗೂ ಚುಚ್ಚಬೇಕು. ಗುರುತಿನ ಜಾಗದಲ್ಲಿ ಹುಳವನ್ನು ಸ್ವಲ್ಪ ಬಾಗಿಸಿ, ಮೊನೆಯನ್ನು ನೆಟ್ಟಗೆ ಆ ಕಡೆಗೆ ದಾಟಿಸಿ, ಹುಳ ಬಿಡುತ್ತೇನೆ. ಕೊನೆಗೆ ಹೊರಬಂದ ಮೊನೆಯ ತುದಿ ಮುಚ್ಚುವಷ್ಟು ಮೇಲ್ಚರ್ಮವನ್ನು ಎತ್ತಿ ಅದರ ಮೇಲೆ ಹೊದಿಸುತ್ತೇನೆ. ಥೇಟ್ ಕೈಹೊಲಿಗೆಯಲ್ಲಿ ಅಂಚಿನ ಒಂದೇ ಎಳೆ ಹಿಡಿಯುತ್ತೇವಲ್ಲ, ಹಾಗೆ.

ಮುಗಿದ ಮೇಲೆ ದಾರ ಹಿಡಿದು ತೂಗಿ ನೋಡಿ. ಗಾಳ ಇದೆ ಅನ್ನುವುದೇ ಹುಳಕ್ಕೆ ಗೊತ್ತಿಲ್ಲದ ಹಾಗೆ ತೂಗಬೇಕು. ನಡುವೆ ಉಬ್ಬಿದ್ದರೆ ಗುರುತಿಗಿಂತ ಕೆಳಗೆ ಚುಚ್ಚಿದ್ದೀರಿ. ಬಿಗಿದು ಮುಂದಕ್ಕೆ ಬಾಗಿದ್ದರೆ ಮೇಲೆ ಚುಚ್ಚಿದ್ದೀರಿ. ಎಷ್ಟೇ ದುಬಾರಿ ಹುಳ ಇರಲಿ, ಎಂಥ ಬಣ್ಣ ಇರಲಿ, ಇದೊಂದು ತಪ್ಪಿದರೆ ಎಲ್ಲ ದಂಡ. ಐದು ವರ್ಷದಿಂದ ನಾನು ಕಂಡಿದ್ದು ಇದೇ.

ಮೂಗಿನ ತೂತು ಸಡಿಲಾಗಿ ಹುಳ ಜಾರತೊಡಗಿದರೆ ಗಾಳದ ಮೆಟ್ಟಿಲ ಹತ್ತಿರ ಸೂಪರ್ ಗ್ಲೂ ಒಂದು ಹನಿ. ಐದು ರೂಪಾಯಿ ಟ್ಯೂಬು ತಿಂಗಳಿಗಾಗುತ್ತದೆ.

ಭಾರದ ಗುಂಡು ಆದಷ್ಟೂ ಕಮ್ಮಿ. ಬುಲೆಟ್ ಆಕಾರದ ಸೀಸ ಸಿಗುತ್ತದೆ, ಚೂಪು ತುದಿ ರಾಡಿನ ಕಡೆ ಬರುವ ಹಾಗೆ ದಾರಕ್ಕೆ ಪೋಣಿಸಿ, ಆಮೇಲೆ ಗಾಳ ಕಟ್ಟಬೇಕು. ಮೂರೂವರೆ ಗ್ರಾಮಿನಿಂದ ಶುರು ಮಾಡಿ. ಗಾಳಿ ಜಾಸ್ತಿ ಇದ್ದರೆ ಏಳು ಗ್ರಾಂ. ದಟ್ಟ ಪಾಚಿ ತೂರಿ ಇಳಿಯಬೇಕಾದರೆ ಹತ್ತು. ಗುಂಡು ಭಾರವಾದಷ್ಟೂ ಹುಳ ಕಲ್ಲಿನ ಹಾಗೆ ಬೀಳುತ್ತದೆ, ಮತ್ತೆ ಬಹಳ ಮೀನು ಹಿಡಿಯುವುದು ಹುಳ ಇಳಿಯುವಾಗಲೇ. ಜೊಂಡಿನಲ್ಲಿ ಗುಂಡು ಒಂದು ಕಡೆ, ಹುಳ ಇನ್ನೊಂದು ಕಡೆ ಸಿಕ್ಕಿಕೊಳ್ಳದಿರಲಿ ಅಂತ ಗುಂಡಿನ ತೂತಿಗೆ ಹಲ್ಲುಕಡ್ಡಿ ತುರುಕಿ ಮುರಿಯುತ್ತಾರೆ. ನಾನು ಊದುಬತ್ತಿಯ ಕಡ್ಡಿ ತುರುಕುತ್ತೇನೆ. ಬಯಲು ನೀರಿನಲ್ಲಿ ಇದು ಬೇಡ, ಗುಂಡು ಸಡಿಲವಾಗೇ ಓಡಾಡಲಿ. ಟಂಗ್‌ಸ್ಟನ್ ಗುಂಡು ಸೀಸಕ್ಕಿಂತ ಚಿಕ್ಕದು, ತಳದ ಕಲ್ಲು ತಾಗಿದ್ದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ಬೆಲೆ ಜಾಸ್ತಿ. ಜಾಲಿಯಲ್ಲಿ ದಿನಕ್ಕೆರಡು ಕಳೆದುಕೊಳ್ಳುವವರಿಗೆ ಸೀಸವೇ ಸಾಕು. ಸೀಸ ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಜೊಂಡು ಇರುವ ಕಡೆ ದಾರ ಬ್ರೇಡ್ ಆಗಿರಲಿ, ಅಂದರೆ ಎಳೆಗಳನ್ನು ಹೆಣೆದು ಮಾಡಿದ್ದು. ತಂಗೂಸ್ ದಾರ ಹಿಗ್ಗುತ್ತದೆ, ದೂರದಲ್ಲಿ ಮೀನು ಕಚ್ಚಿದರೆ ಎಳೆತ ಗಾಳಕ್ಕೆ ಮುಟ್ಟುವುದಿಲ್ಲ. ಗಂಟು ಪಾಲೋಮರ್. ದಾರ ಜೋಡಿ ಮಾಡಿ ಗಾಳದ ಕಣ್ಣಲ್ಲಿ ತೂರಿಸಿ, ಸಡಿಲ ಗಂಟು ಹಾಕಿ, ಆ ಕುಣಿಕೆಯೊಳಗಿಂದ ಗಾಳವನ್ನೇ ದಾಟಿಸಿ, ಉಗುಳಿನಿಂದ ಒದ್ದೆ ಮಾಡಿ ಬಿಗಿಯುವುದು. ಇದಕ್ಕಿಂತ ಸುಲಭದ, ಇದಕ್ಕಿಂತ ಗಟ್ಟಿ ಗಂಟು ನನಗೆ ಸಿಕ್ಕಿಲ್ಲ.

ತಿಳಿ ನೀರಲ್ಲಿ, ಜೊಂಡು ಇಲ್ಲದ ಕಡೆ, ಕಡ್ಡಿ ಹುಳದ ನಟ್ಟ ನಡುವಿಗೆ ಚಿಕ್ಕ ಗಾಳ ಅಡ್ಡ ಚುಚ್ಚಿ ಗುಂಡಿಲ್ಲದೆ ಬಿಡುವುದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ಎರಡೂ ತುದಿ ಕುಣಿಯುವುದು ನೋಡಲೇ ಚೆಂದ. ಎರಡು ಸಲ ಎಸೆದರೆ ಹುಳ ನಡುವೆ ಹರಿಯುತ್ತದೆ ಅನ್ನುವುದು ಇದರ ಕಷ್ಟ. ನಲ್ಲಿ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಣ್ಣ ಓ ರಿಂಗ್ ಸಿಗುತ್ತದೆ. ಅದನ್ನು ಹುಳದ ನಡುವಿಗೆ ಡಾಬಿನ ಹಾಗೆ ತೊಡಿಸಿ, ಗಾಳವನ್ನು ಆ ರಿಂಗಿನಡಿ ತೂರಿಸಿ. ಒಂದೇ ಹುಳ ಇಡೀ ಬೆಳಗು ಬಾಳುತ್ತದೆ. ಅದೇ ಹುಳದ ತಲೆಯೊಳಗೆ ಸಣ್ಣ ಮೊಳೆಯ ತುಂಡು ಇಳಿಸಿದರೆ ತಲೆ ತಳಕ್ಕೆ ತಾಗಿ ಬಾಲ ಮೇಲೆದ್ದು ನಿಲ್ಲುತ್ತದೆ. ಅದಕ್ಕೆ ನೆಕೋ ಅಂತ ಹೆಸರು. ಕೆರೊಲಿನಾ ರಿಗ್, ಡ್ರಾಪ್ ಶಾಟ್ ಅಂತ ಇನ್ನೂ ಇವೆ. ಅವು ದೋಣಿಯಲ್ಲಿ ಕೂತು ಆಳದ ಬಯಲು ನೀರಲ್ಲಿ ಹುಡುಕುವವರಿಗೆ ಹೆಚ್ಚು ಅನುಕೂಲ. ದಂಡೆಯಿಂದ ಎಸೆಯುವ ನನಗೆ ಅವುಗಳ ಕೆಲಸ ಬಿದ್ದಿಲ್ಲ.

ಎಸೆದ ಮೇಲೆ ಅವಸರ ಬೇಡ. ಮರಲ್ ಉಸಿರಿಗೆ ಮೇಲೆ ಬರುವ ಮೀನು. ಗುಳುಕ್ ಅಂತ ಒಂದು ಗುಳ್ಳೆ, ಸುತ್ತ ಒಂದು ಬಳೆಯಂಥ ಅಲೆ. ಅದರ ಮೇಲೇ ಎಸೆದರೆ ಓಡಿಹೋಗುತ್ತದೆ. ಆಚೆಗೆ ಎಸೆದು ಅದರ ಪಕ್ಕಕ್ಕೆ ತರಬೇಕು. ರಾಡಿನ ತುದಿ ಒಂದು ಗೇಣು ಎತ್ತುವುದು, ಇಳಿಸುವುದು, ಸಡಿಲಾದ ದಾರ ಸುತ್ತುವುದು, ಸುಮ್ಮನೆ ನಿಲ್ಲುವುದು. ಆ ನಿಲ್ಲುವುದರಲ್ಲೇ ಮೀನು ಸಿಗುವುದು. ದಾರದ ಮೇಲೆ ಒಂದು ಬೆರಳು ಇಟ್ಟಿರಿ. ಟಕ್ ಟಕ್ ಅಂದರೆ ಸಣ್ಣ ಮೀನು. ಏನೂ ಅನ್ನದೆ ದಾರ ತಾನೇ ಪಕ್ಕಕ್ಕೆ ನಡೆಯತೊಡಗಿದರೆ ಅದು ದೊಡ್ಡದು. ಆಗ ಎದೆ ಹೊಡೆದುಕೊಳ್ಳುತ್ತದೆ, ಆದರೂ ಮೊದಲು ಸಡಿಲು ದಾರ ಸುತ್ತಿ ಬಿಗಿ ಮಾಡಬೇಕು. ಭಾರ ಕೈಗೆ ಬಂದ ಮೇಲೆ ಒಂದೇ ಗಟ್ಟಿ ಎಳೆತ. ಹೋದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಹಾಗೆ ದಾರ ನಡೆದಿದ್ದು ಇನ್ನೂ ಕಣ್ಣಲ್ಲಿದೆ. ನೀರ ಮೇಲೆ ಮಂಜು, ದಾರದ ಮೇಲೆ ಸಾಲಾಗಿ ಸಣ್ಣ ಹನಿ. ಹನಿಗಳು ಒಂದೊಂದಾಗಿ ಉದುರಿದವು. ಅದರಿಂದಲೇ ನನಗೆ ಗೊತ್ತಾಗಿದ್ದು.

ಹುಳ ಜೋಪಾನ ಮಾಡುವುದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಒಂದು ಮೇ ತಿಂಗಳು ಎಲ್ಲ ಹುಳವನ್ನು ಪಾಕೀಟಿನಿಂದ ತೆಗೆದು ಒಂದೇ ಡಬ್ಬಿಯಲ್ಲಿ ಜೋಡಿಸಿ ಸ್ಕೂಟಿ ಡಿಕ್ಕಿಯಲ್ಲಿ ಇಟ್ಟೆ. ಹೊರಗೆ 42 ಡಿಗ್ರಿ. ಸಂಜೆ ತೆಗೆದರೆ ಅರ್ಧ ಡಬ್ಬಿ ಬೆಲ್ಲದ ಪಾಕ. ಬಿಸಿಲೊಂದೇ ಕಾರಣ ಅಲ್ಲ. ಸಾಮಾನ್ಯ ಹುಳ ಪಿವಿಸಿಯನ್ನು ಮೆತ್ತಗೆ ಮಾಡುವ ಎಣ್ಣೆ ಬೆರೆಸಿ ಮಾಡಿದ್ದು. ಬಹಳ ಹಿಗ್ಗುವ, ಹರಿಯದ ಇನ್ನೊಂದು ಜಾತಿ ಇದೆ, ಅದು ಟಿಪಿಇ ಅನ್ನುವ ಬೇರೆ ಪ್ಲಾಸ್ಟಿಕ್. ಎರಡನ್ನೂ ತಾಗಿಸಿ ಇಟ್ಟರೆ ಒಂದನ್ನೊಂದು ಕರಗಿಸುತ್ತವೆ. ಕೆಲವು ಡಬ್ಬಿಗಳನ್ನೂ ಹುಳದ ಎಣ್ಣೆ ತಿನ್ನುತ್ತದೆ. ತಮ್ಮ ಪ್ರೀತಿಯಿಂದ ಅಷ್ಟು ದೂರದಿಂದ ತಂದಿದ್ದು ಹಾಗೆ ಹೋಯಿತಲ್ಲ ಅಂತ ಅವತ್ತು ಊಟ ಸೇರಲಿಲ್ಲ. ಈಗ ಪ್ರತಿ ಹುಳ ಅದರದೇ ಪಾಕೀಟಿನಲ್ಲಿ, ನೆಟ್ಟಗೆ ಮಲಗಿಸಿ, ಪಾಕೀಟುಗಳು ಬಟ್ಟೆ ಚೀಲದಲ್ಲಿ, ಚೀಲ ಮನೆಯಲ್ಲಿ ಗಡಿಗೆ ಇಡುವ ಮೂಲೆಯಲ್ಲಿ. ಮಡಿಚಿಟ್ಟ ಹುಳಕ್ಕೆ ಮಡಿಕೆ ಬಿದ್ದರೆ ಬಿಸಿ ನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಲಗಿಸಿ ಆರಿಸಿ. ಸರಿಹೋಗುತ್ತದೆ.

ಹರಿದ ಹುಳಕ್ಕೆ ನಾನು ರಫು ಮಾಡುತ್ತೇನೆ. ದಬ್ಬಳ ಕಾಯಿಸಿ ಹರಿದ ಎರಡು ಅಂಚಿನ ನಡುವೆ ಇಟ್ಟು, ಕರಗುತ್ತಿದ್ದ ಹಾಗೆ ದಬ್ಬಳ ತೆಗೆದು ಎರಡನ್ನೂ ಒತ್ತಿ ಹಿಡಿದರೆ ಕೂಡಿಕೊಳ್ಳುತ್ತದೆ. ಹೊಗೆ ಒಳ್ಳೆಯದಲ್ಲ, ಅಂಗಳದಲ್ಲಿ ಕೂತೇ ಮಾಡಬೇಕು. ತಲೆ ಹೋದದ್ದಕ್ಕೆ ಬಾಲ ಹೋದದ್ದರ ತಲೆ. ಇನ್ನು ಆಗುವುದಿಲ್ಲ ಅನ್ನುವ ತುಂಡನ್ನು ಕೆರೆಗೆ ಎಸೆಯಬೇಡಿ. ಅದು ಕೊಳೆಯುವುದಿಲ್ಲ. ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ನಮಗೆ ಅನ್ನ ಕೊಡುವ ನೀರು ಅದು.

ಅದೇ ಕಾರಣಕ್ಕೆ ಇನ್ನೊಂದು ಮಾತು. ಮಳೆಗಾಲ ಶುರುವಾದ ಮೇಲೆ ದಂಡೆಯ ನೀರಲ್ಲಿ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪು ಒಂದು ಮುದ್ದೆಯ ಹಾಗೆ ಓಡಾಡುವುದು ಕಾಣುತ್ತದೆ. ಅದರ ಕೆಳಗೇ ತಾಯಿ ತಂದೆ ಮರಲ್ ಕಾವಲಿರುತ್ತವೆ. ಆಗ ಏನು ಎಸೆದರೂ ಅವು ಹೊಡೆಯುತ್ತವೆ, ಹಿಡಿಯುವುದು ಬಹಳ ಸುಲಭ. ಹಿಡಿಯಬೇಡಿ. ಅವು ಹೋದರೆ ಬೇರೆ ಮೀನು ಬಂದು ಮರಿಗಳನ್ನು ಖಾಲಿ ಮಾಡುತ್ತವೆ. ನಾನು ಅಂಥ ಗುಂಪು ಕಂಡರೆ ರಾಡು ಮಡಿಚಿ ಬೇರೆ ಕಡೆ ಹೋಗುತ್ತೇನೆ.

ಕೆರೆ, ಡ್ಯಾಮಿನ ನೀರನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ಕೇಳದೆ ಗಾಳ ಹಾಕುವುದು ತಪ್ಪು. ನಾನು ಮೊದಲ ದಿನವೇ ಹೋಗಿ ಕೇಳಿದೆ. ಅಲ್ಲಿ ಬಲೆ ಬಿಡುವ ಒಬ್ಬ ಕಾಕಾ ಇದ್ದಾರೆ, ಅಪ್ಪನನ್ನು ಬಲ್ಲವರು. ನನ್ನ ಕೈಯಲ್ಲಿದ್ದ ಹುಳ ಹಿಡಿದು ತಿರುಗಿಸಿ ನೋಡಿ, ಮೂಸಿ, "ಏನವ್ವಾ ಇದು, ರಬ್ಬರ್ ಅದ. ಮೀನ್ಕ ಇಷ್ಟೂ ತಿಳಿಯಂಗಿಲ್ಲೇನು?" ಅಂದಿದ್ದರು. ಅವತ್ತು ನನಗೆ ಒಂದೂ ಸಿಗಲಿಲ್ಲ. ಮುಂದಿನ ನಾಲ್ಕು ಭಾನುವಾರವೂ ಸಿಗಲಿಲ್ಲ, ಹುಳ ಸೊಟ್ಟಗೆ ಕೂರುತ್ತಿದ್ದ ದಿನಗಳು ಅವು. ಕಾಕಾ ಮತ್ತೆ ಏನೂ ಅನ್ನಲಿಲ್ಲ. ಬರುವಾಗ ಪ್ರತಿ ಸಲ ಚಹಾ ಕೊಡುತ್ತಿದ್ದರು.

ಈ ವರ್ಷ ಬಿಸಿಲು ಏರಿದ ಮೇಲೆ ಒಂದು ದಿನ ಅವರೇ ಬಂದು ಕೂತರು. "ಒಂದ್ ನನಗೂ ಹಾಕ್ಕೊಡು, ಮಗಳ. ಎರೆಹುಳಾ ಎಲ್ಲಿ ಸಿಗಲ್ದಂಗ ಆಗ್ಯದ." ಅವರ ಬಿದಿರು ಗಳಕ್ಕೆ ರೀಲು ಇಲ್ಲ. ಏಳು ಇಂಚಿನ ಕಪ್ಪು ರಿಬ್ಬನ್ ಬಾಲ ತೆಗೆದು, ಅಳೆದು, ಗುರುತು ಹಾಕಿ, ಗುಂಡಿಲ್ಲದೆ ಅವರ ದಾರಕ್ಕೇ ಕಟ್ಟಿಕೊಟ್ಟೆ. ತೂಗಿ ತೋರಿಸಿದೆ. ಅವರು ಜಾಲಿಯ ನೆರಳಿಗೆ ಹೋಗಿ ಕೂತರು.

ಮುಂದಿನ ಭಾನುವಾರ ನಾನು ಸ್ಕೂಟಿ ನಿಲ್ಲಿಸುವ ಮೊದಲೇ ಎದ್ದು ಬಂದರು. ಸಂಚಿ ಬಿಚ್ಚಿ, ಎಲೆ ಅಡಿಕೆಯ ಜೊತೆ ಮಡಿಚಿಟ್ಟಿದ್ದ ಕಾಗದ ತೆಗೆದರು. ಒಳಗೆ ಆ ಹುಳ, ಬಾಲ ಇಲ್ಲ, ಮೈ ತುಂಬ ಹಲ್ಲಿನ ಗುರುತು. ಒಂದು ಚೂರೂ ನೀರಿಗೆ ಬಿಡದೆ ಎತ್ತಿಟ್ಟಿದ್ದರು.

"ಮೂರು ಬಿದ್ದಾವ," ಅಂದರು. "ಇದು ರಫು ಆಗ್ತದೇನು ನೋಡವ್ವಾ."